ಹೊಟ್ಟೆ ನೋವು ಅಂತ ಸುಳ್ಳು ಹೇಳಬೇಡಿ

(ಸಂಘದ ವಾರ್ಷಿಕೋತ್ಸವದ ದಿನ ಸಂಜೆ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ "ಯುವಕರು ಮತ್ತು ಆರೋಗ್ಯ". ಮಧ್ಯಾಹ್ನ ಹೆಂಗಸರ ಸಭೆಯಲ್ಲಿ ಏಎನ್‌ಎಂ ಅಕ್ಕ ಬಂದು ರಕ್ತ ಕಡಿಮೆಯಾಗೋದು, ಮುಟ್ಟು, ಹೆರಿಗೆ ಎಲ್ಲಾ ಬಿಡಿಸಿ ಹೇಳಿದರು. ಅವರು ಕೇಳಿದರು, ಇವರು ಹೇಳಿದರು, ಯಾರೂ ತಲೆ ತಗ್ಗಿಸಲಿಲ್ಲ. ಗಂಡಸರ ಸಭೆ ಅಂದ್ರೆ ಮಾತ್ರ ನಾವು ಕುಡಿಬೇಡಿ, ಬೀಡಿ ಸೇದಬೇಡಿ, ವ್ಯಾಯಾಮ ಮಾಡಿ ಅಂತ ಹೇಳಿ ಮುಗಿಸಿಬಿಡ್ತೀವಿ. ಪ್ಯಾಂಟಿನೊಳಗಿನ ಆರೋಗ್ಯದ ಬಗ್ಗೆ ಯಾರೂ ಬಾಯಿ ಬಿಡಲ್ಲ. ಇವತ್ತು ನಾನು ಅದನ್ನೇ ಮಾತಾಡ್ತೀನಿ. ನಾನು ಡಾಕ್ಟರಲ್ಲ, ಬಿಎ ಓದ್ತಿರೋ ಹುಡುಗ. ಓದಿದ್ದು, ಡಾಕ್ಟರನ್ನ ಕೇಳಿ ತಿಳಿದದ್ದು, ಕಣ್ಣಾರೆ ಕಂಡದ್ದು ಇಷ್ಟನ್ನೇ ಹೇಳ್ತೀನಿ.

"ಬಾಬಾಸಾಹೇಬರ ಫೋಟೋ ಇಟ್ಕೊಂಡು ಇಂಥಾ ಮಾತಾ?" ಅಂತ ಒಬ್ಬರು ಹಿರಿಯರು ನಿನ್ನೆ ನನ್ನನ್ನ ಕೇಳಿದರು. ಅವರ ಮೇಲೆ ನನಗೆ ಗೌರವ ಇದೆ. ಅವರಿಗೆ ಉತ್ತರ ಬಾಬಾಸಾಹೇಬರ ಜೀವನದಲ್ಲೇ ಇದೆ. ಮುಂಬಯಿಯಲ್ಲಿ ರಘುನಾಥ ಧೋಂಡೋ ಕರ್ವೆ ಅಂತ ಒಬ್ಬರು ಇದ್ದರು, ಮಹರ್ಷಿ ಕರ್ವೆಯವರ ಮಗ, ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಿದ್ದವರು. 1927ರಲ್ಲಿ ಅವರು "ಸಮಾಜ ಸ್ವಾಸ್ಥ್ಯ" ಅಂತ ಒಂದು ಮರಾಠಿ ಮಾಸಪತ್ರಿಕೆ ಶುರುಮಾಡಿದರು. ಓದುಗರು ಲೈಂಗಿಕ ವಿಷಯದಲ್ಲಿ ತಮಗಿದ್ದ ಅನುಮಾನ ಬರೆದು ಕಳಿಸೋರು, ಅವರು ಅದಕ್ಕೆ ಸಂಕೋಚವಿಲ್ಲದೆ ಉತ್ತರ ಬರೆಯೋರು. ಇದು ಅಶ್ಲೀಲ ಅಂತ ಅವರ ಮೇಲೆ ಕೇಸು ಹಾಕಿದರು. 1934ರಲ್ಲಿ ಆ ಕೇಸಿನಲ್ಲಿ ಕರ್ವೆಯವರ ಪರ ವಾದ ಮಾಡಿದ ವಕೀಲರು ಯಾರು ಗೊತ್ತಾ? ಡಾ. ಬಿ.ಆರ್. ಅಂಬೇಡ್ಕರ್. ತಿಳುವಳಿಕೆಯಿಂದ ಲೈಂಗಿಕ ವಿಷಯ ಬರೆದರೆ ಅದು ಅಶ್ಲೀಲ ಆಗೋದಿಲ್ಲ ಅನ್ನೋದು ಅವರ ವಾದ. ಕೇಸು ಸೋತರು, ಕರ್ವೆಯವರಿಗೆ 200 ರೂಪಾಯಿ ದಂಡ ಬಿತ್ತು. ಸೋತರೂ ಬಾಬಾಸಾಹೇಬರು ಆ ಮಾತು ಬಿಡಲಿಲ್ಲ. 1938ರ ನವೆಂಬರಿನಲ್ಲಿ ಮುಂಬಯಿ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣದ ವಿಷಯ ಬಂದಾಗ ಅವರು ಬರೆದುಕೊಟ್ಟ ಭಾಷಣವನ್ನ ಅವರ ಪಕ್ಷದ ಪಿ.ಜೆ. ರೋಹಮ್ ಓದಿದರು. ಅದಕ್ಕೇ ಈ ಫೋಟೋ ಮುಂದೆ ನಿಂತು ಈ ಮಾತಾಡೋಕೆ ನನಗೆ ಅಳುಕಿಲ್ಲ.

ಈಗ ನಡೆದ ಒಂದು ಸಂಗತಿ ಹೇಳ್ತೀನಿ. ಊರು ಹೇಳಲ್ಲ, ಹೆಸರು ಹೇಳಲ್ಲ. ಅವನು ನನಗೆ ಅಣ್ಣನಾಗಬೇಕು. "ನನ್ನ ಹೆಸರು ಬ್ಯಾಡ ತಮ್ಮಾ, ಆದ್ರೆ ಕಥೆ ಹೇಳು, ಇನ್ನೊಬ್ಬನಿಗೆ ಹಿಂಗಾಗೋದು ಬ್ಯಾಡ" ಅಂತ ಅವನೇ ಹೇಳಿದ ಮೇಲೆ ಹೇಳ್ತಾ ಇದ್ದೀನಿ.

ಮದುವೆಯಾಗಿ ಐದು ತಿಂಗಳಾಗಿತ್ತು. ಒಂದು ರಾತ್ರಿ ಗಂಡ ಹೆಂಡತಿ ಜೊತೆಗಿರುವಾಗ ಜಾರಿ, ಹೆಂಡತಿಯ ಮೂಳೆಗೆ ಜೋರಾಗಿ ತಗುಲಿತು. ಒಳಗೆ "ಟಪ್" ಅಂತ ಸದ್ದಾಯಿತು. ಕಣ್ಣು ಕತ್ತಲೆ ಬರೋ ನೋವು. ನಿಮಿರಿದ್ದು ಆ ಕ್ಷಣವೇ ಇಳಿದುಹೋಯಿತು. ಅರ್ಧ ಗಂಟೆಯಲ್ಲಿ ಊದಿಕೊಂಡು ನೀಲಿಯಾಗಿ ಬದನೆಕಾಯಿ ಆಯಿತು. ಅತ್ತಿಗೆ ಗಾಬರಿಯಾಗಿ "ಅತ್ತೆನ ಎಬ್ಬಿಸ್ತೀನಿ" ಅಂದರೆ, "ಯಾರ್ಗಾದ್ರೂ ಹೇಳಿದ್ರೆ ನನ್ ಮೇಲಾಣೆ" ಅಂತ ಬಾಯಿ ಕಟ್ಟಿಸಿದ. ಬಿಸಿ ಎಣ್ಣೆ ಹಚ್ಚಿ ತಿಕ್ಕಿಕೊಂಡ. ಇನ್ನೂ ಊದಿತು. ಬೆಳಿಗ್ಗೆ ಒಬ್ಬ ಆರ್‌ಎಂಪಿ ಹತ್ರ ಹೋಗಿ ಸೊಂಟ ನೋವು ಅಂತ ಹೇಳಿ ಸೂಜಿ ಹಾಕಿಸಿಕೊಂಡ. ಎರಡನೇ ದಿನ ಗೋಡೆ ಮೇಲೆ "ಗುಪ್ತರೋಗ, ನರಗಳ ದೌರ್ಬಲ್ಯ" ಅಂತ ಬರೆದಿರ್ತಾರಲ್ಲ, ಅಂಥವನೊಬ್ಬನ ಹತ್ರ ಹೋದ. ಅವನು ಮುಟ್ಟಿಯೂ ನೋಡದೆ "ಚಿಕ್ಕಂದಿನ ತಪ್ಪಿನಿಂದ ನರ ಸತ್ತಿದೆ" ಅಂತ ಹೇಳಿ ಆರು ಸಾವಿರ ಕಿತ್ತುಕೊಂಡು ಲೇಹ್ಯ ಕೊಟ್ಟ. ಸೆಂಟ್ರಿಂಗ್ ಕೆಲಸದಲ್ಲಿ ಬಿಸಿಲಿಗೆ ನಿಂತು ದುಡಿದ ಆರು ಸಾವಿರ.

ನಾಲ್ಕನೇ ದಿನ, ಕಾಲೇಜಿಗೆ ಹೋಗೋ ಹುಡುಗ ಅಂತ ನನ್ನ ಹತ್ರ ಬಂದ. ಬೈಕಲ್ಲಿ ಕೂರಿಸಿಕೊಂಡು ಒಂದು ಆಸ್ಪತ್ರೆಗೆ ಹೋದೆ. ಓಪಿ ಚೀಟಿ ಬರೆಸೋ ಕಿಟಕಿ ಮುಂದೆ ಉದ್ದ ಸಾಲು, ಹಿಂದೆ ಮುಂದೆ ಹೆಂಗಸರು. ಒಳಗಿದ್ದವರು ಜೋರಾಗಿ "ಏಮಿ ಸಮಸ್ಯ?" ಅಂದರು. ನಮ್ಮಣ್ಣ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಅವನು "ಕಡುಪು ನೊಪ್ಪಿ" ಅಂದ. ಹೊಟ್ಟೆ ನೋವು! ಹೊಟ್ಟೆ ನೋವಿನ ಸಾಲಿಗೆ ಕಳಿಸಿದರು. ಎರಡು ಗಂಟೆ ನಿಂತೆವು. ಕೊನೆಗೆ ಡಾಕ್ಟರು ಹೊಟ್ಟೆ ಒತ್ತಿ ನೋಡುವಾಗ ಅವನು ಅತ್ತುಬಿಟ್ಟ. ಆಗ ವಿಷಯ ಹೊರಗೆ ಬಂತು. ಒಬ್ಬ ಸಿಬ್ಬಂದಿ ನಕ್ಕಿದ್ದು ನನಗೆ ಇನ್ನೂ ನೆನಪಿದೆ. ಆ ಡಾಕ್ಟರು ಮಾತ್ರ ನಗಲಿಲ್ಲ. ಬಾಗಿಲು ಹಾಕಿ ನೋಡಿ, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಆಪರೇಷನ್ ಆಯಿತು. ಇವತ್ತು ಅವನು ಕೆಲಸ ಮಾಡ್ತಾನೆ, ಮೂತ್ರ ಸರಿಯಾಗಿ ಹೋಗುತ್ತೆ. ಆದರೆ ನಿಮಿರಿದಾಗ ಒಂದು ಕಡೆಗೆ ವಾಲುತ್ತೆ, ನೋವಿದೆ. ಮೊದಲನೇ ದಿನವೇ ಬಂದಿದ್ದರೆ ಇಷ್ಟೂ ಉಳೀತಿರಲಿಲ್ಲವೇನೋ ಅಂದರು ಅಲ್ಲಿನ ಡಾಕ್ಟರು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡರು ಅಂತಾರಲ್ಲ, ನಾಚಿಕೆ ನಮಗೆ ಮಾಡಿದ್ದು ಅದನ್ನೇ.

ಆವತ್ತು ಕಿಟಕಿ ಮುಂದೆ ನಾವಿಬ್ಬರೂ ಯಾಕೆ ಬಾಯಿ ಬಿಡಲಿಲ್ಲ ಅಂತ ಆಮೇಲೆ ಬಹಳ ಯೋಚನೆ ಮಾಡಿದೆ. ನಮಗೆ ಮನೇಲಿ ಕನ್ನಡ, ಬಸ್ಸಲ್ಲಿ ಆಸ್ಪತ್ರೇಲಿ ತೆಲುಗು. ಎರಡು ಭಾಷೆ ಬಂದರೂ ಆ ಅಂಗಕ್ಕೆ ನಮಗೆ ಗೊತ್ತಿರೋದು ಬೈಗುಳದ ಮಾತೊಂದೇ. ಜಗಳದಲ್ಲಿ ದಿನಕ್ಕೆ ನೂರು ಸಲ ಆ ಮಾತು ಆಡ್ತೀವಿ, ನೋವಾದಾಗ ಡಾಕ್ಟರಿಗೆ ಹೇಳೋಕೆ ಒಂದು ಮಾತಿಲ್ಲ. ಅದಕ್ಕೆ ಇವತ್ತು ಮೊದಲು ಮಾತು ಕಲಿಯೋಣ. ಪುಸ್ತಕದಲ್ಲಿ ಶಿಶ್ನ ಅಂತಾರೆ. ಕೆಳಗಿನ ಬೀಜಗಳಿಗೆ ವೃಷಣ ಅಂತಾರೆ. ತುದಿಯ ಮೇಲಿನ ಚರ್ಮ ಮುಂದೊಗಲು. ಇವು ಮೂಗು, ಕಿವಿ, ಮೊಣಕಾಲು ಅಂದ ಹಾಗೇ ಹೆಸರುಗಳು, ಅಷ್ಟೇ.

ಅಣ್ಣನಿಗೆ ಆದದ್ದೇನು? ಶಿಶ್ನದಲ್ಲಿ ಮೂಳೆ ಇಲ್ಲ. ಒಳಗೆ ಉದ್ದಕ್ಕೆ ಎರಡು ಕೊಳವೆ ಇವೆ, ಸ್ಪಂಜಿನ ಥರ. ಅದರಲ್ಲಿ ರಕ್ತ ತುಂಬಿ ನಿಂತಾಗ ನಿಮಿರುತ್ತೆ. ಆ ಕೊಳವೆಗಳ ಸುತ್ತ ಒಂದು ಗಟ್ಟಿ ಪೊರೆ ಇದೆ. ಸುಮ್ಮನಿರುವಾಗ ಆ ಪೊರೆ ಸುಮಾರು 2 ಮಿಲಿಮೀಟರ್ ದಪ್ಪ. ನಿಮಿರಿದಾಗ ಅದು ಹಿಗ್ಗಿ ಅರ್ಧ ಮಿಲಿಮೀಟರಿಗೂ ಕಡಿಮೆ ಆಗುತ್ತೆ. ಗಾಳಿ ತುಂಬಿದ ಸೈಕಲ್ ಟ್ಯೂಬನ್ನ ಇದ್ದಕ್ಕಿದ್ದಂಗೆ ಮಡಚಿದರೆ ಏನಾಗುತ್ತೆ? ಹಾಗೇ ಆ ಪೊರೆ ಸೀಳುತ್ತೆ, ರಕ್ತ ಹೊರಗೆ ನುಗ್ಗಿ ಚರ್ಮದ ಕೆಳಗೆ ತುಂಬುತ್ತೆ. ಮೂಳೆ ಇಲ್ಲದಿದ್ದರೂ ಡಾಕ್ಟರುಗಳು ಇದನ್ನ "ಫ್ರ್ಯಾಕ್ಚರ್" ಅಂತಲೇ ಕರೀತಾರೆ. ಅಪರೂಪದ್ದು, ಆದರೆ ಆಗುವಂಥದ್ದು. ಪ್ರಪಂಚದ ಎಲ್ಲಾ ದೇಶದಲ್ಲೂ ಆಗುತ್ತೆ. ಇರಾನಿನ ಕೆರ್ಮಾನ್‌ಶಾ ಅನ್ನೋ ಕಡೆ ಗಂಡಸರಿಗೆ, ನಾವು ಬೆರಳು ನೆಟಿಕೆ ಮುರೀತೀವಲ್ಲ ಹಾಗೆ, ನಿಮಿರಿದ್ದನ್ನ ಕೈಯಿಂದ ಬಗ್ಗಿಸಿ ಇಳಿಸೋ ಅಭ್ಯಾಸ ಇತ್ತಂತೆ. ಅದರಿಂದ ಅಲ್ಲಿ ಇಂಥಾ ಕೇಸು ಬಹಳ ಬರ್ತಿದ್ದವು ಅಂತ ಅಲ್ಲಿನ ಡಾಕ್ಟರುಗಳೇ ಬರೆದಿದ್ದಾರೆ.

ಇದು ಆಗೋದು ಹೆಚ್ಚಾಗಿ ಅವಸರದಲ್ಲಿ. ಕೂಡುವಾಗ ಹೊರಗೆ ಜಾರಿ ಹೆಂಡತಿಯ ಮೂಳೆಗೆ ತಗುಲಿದಾಗ, ಹೆಂಡತಿ ಮೇಲಿದ್ದಾಗ ಆಯ ತಪ್ಪಿದಾಗ, ಕುಡಿದು ಮೈಮೇಲೆ ಜ್ಞಾನ ಇಲ್ಲದಾಗ, ನಿದ್ದೆಗಣ್ಣಲ್ಲಿ ಬೋರಲಾಗಿ ಹೊರಳಿದಾಗ, ಯಾರೋ ಬಂದರು ಅಂತ ಬಲವಂತವಾಗಿ ಬಗ್ಗಿಸಿ ಚಡ್ಡಿಯೊಳಗೆ ತುರುಕಿದಾಗ. ಗುರುತು ನಾಲ್ಕು: ಟಪ್ ಅನ್ನೋ ಸದ್ದು, ತಕ್ಷಣ ಇಳಿದುಹೋಗೋದು, ಜೋರು ನೋವು, ಊದಿ ನೀಲಿಯಾಗೋದು. ಸದ್ದು ಕೇಳಿಸದಿದ್ದರೂ ಉಳಿದವು ಇದ್ದರೆ ಸಾಕು, ಹೊರಡಿ.

ಏನು ಮಾಡಬೇಕು? ಅಲ್ಲಿಗೇ ನಿಲ್ಲಿಸಿ. ಎಣ್ಣೆ ಬೇಡ, ತಿಕ್ಕೋದು ಬೇಡ, ಬಿಸಿ ಶಾಖ ಬೇಡ, ಬಿಗಿಯಾಗಿ ಕಟ್ಟೋದು ಬೇಡ. ಐಸ್ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಆಗಾಗ ಸ್ವಲ್ಪ ಹೊತ್ತು ಇಡಿ. ಅದೇ ರಾತ್ರಿ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ. ಗಾಡಿ ಇಲ್ಲ ಅಂದರೆ 108ಕ್ಕೆ ಫೋನ್ ಮಾಡಿ. ಮೂತ್ರದಲ್ಲಿ ರಕ್ತ ಬಂದರೆ, ಇಲ್ಲವೇ ಮೂತ್ರವೇ ಬರದಿದ್ದರೆ ಅದನ್ನ ಮೊದಲು ಹೇಳಿ, ಯಾಕಂದ್ರೆ ಮೂತ್ರನಾಳಕ್ಕೂ ಪೆಟ್ಟಾಗಿರಬಹುದು. ಸೀಳಿದ ಜಾಗಕ್ಕೆ ಬೇಗ ಹೊಲಿಗೆ ಹಾಕಿದರೆ ಹೆಚ್ಚಿನವರು ಮೊದಲಿನ ಹಾಗೇ ಆಗ್ತಾರೆ. ಆಮೇಲೆ ಡಾಕ್ಟರು ಹೇಳಿದಷ್ಟು ವಾರ ದೂರ ಇರಬೇಕು.

ಗಂಟೆ ಲೆಕ್ಕದಲ್ಲಿ ಓಡಬೇಕಾದ ತೊಂದರೆ ಇನ್ನೂ ಕೆಲವು ಇವೆ. ಅದರಲ್ಲಿ ಮೊದಲನೆಯದು ಹೈಸ್ಕೂಲು ಹುಡುಗರ ಅಪ್ಪಂದಿರು ಕೇಳಬೇಕಾದದ್ದು. ವೃಷಣ ಒಳಗೇ ತಿರುಚಿಕೊಳ್ಳೋದುಂಟು. ಹಗ್ಗ ಮುರಿ ಬಿದ್ದ ಹಾಗೆ, ರಕ್ತ ಹೋಗೋ ದಾರಿ ಮುಚ್ಚಿಬಿಡುತ್ತೆ. ಇದಕ್ಕೆ ಯಾವ ತಪ್ಪೂ ಮಾಡಿರಬೇಕಾಗಿಲ್ಲ, ಮಲಗಿದ್ದಾಗಲೂ ಆಗುತ್ತೆ. ಇದ್ದಕ್ಕಿದ್ದಂಗೆ ಒಂದು ಕಡೆ ಬೀಜ ನೋವು, ಕಿಬ್ಬೊಟ್ಟೆ ನೋವು, ವಾಂತಿ. ಸುಮಾರು ಆರು ಗಂಟೆಯೊಳಗೆ ಬಿಡಿಸಿದರೆ ಬಹುಮಟ್ಟಿಗೆ ಉಳಿಯುತ್ತೆ. ದಿನ ಕಳೆದರೆ ತೆಗೆದುಹಾಕಬೇಕಾಗುತ್ತೆ. ಈ ವಯಸ್ಸಿನ ಹುಡುಗ "ಹೊಟ್ಟೆ ನೋವು" ಅಂತ ಅತ್ತರೆ, ಅಪ್ಪ ಆದವನು ಪಕ್ಕಕ್ಕೆ ಕರೆದು "ಕೆಳಗೆ ನೋವೈತಾ ಮಗಾ?" ಅಂತ ಒಂದು ಮಾತು ಕೇಳಬೇಕು.

ಎರಡನೆಯದು, ನಿಮಿರಿದ್ದು ನಾಲ್ಕು ಗಂಟೆ ಆದರೂ ಇಳಿಯದಿರೋದು. ನಮ್ಮ ಹುಡುಗರು ಇದನ್ನ ಜೋಕ್ ಮಾಡ್ತಾರೆ. ಒಳಗೆ ನಿಂತ ರಕ್ತ ಕೆಟ್ಟು, ಮತ್ತೆ ಯಾವತ್ತೂ ನಿಮಿರದ ಹಾಗೆ ಆಗಬಹುದು. ಮೂರನೆಯದು, ಹಿಂದಕ್ಕೆ ಸರಿಸಿದ ಮುಂದೊಗಲು ಮತ್ತೆ ಮುಂದಕ್ಕೆ ಬರದೆ ಉಂಗುರದ ಹಾಗೆ ಬಿಗಿದು ತುದಿ ಊದಿಕೊಳ್ಳೋದು. ಅದಕ್ಕೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಇನ್ನು ಮೊದಲ ರಾತ್ರಿ ತುದಿಯ ಕೆಳಗಿನ ಸಣ್ಣ ದಾರದಂಥ ಚರ್ಮ ಹರಿದು ರಕ್ತ ಬರೋದುಂಟು. ಅದನ್ನ ನೋಡಿ ಜೀವವೇ ಹೋಯಿತು ಅಂತ ಹೆದರಬೇಡಿ. ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಲ್ಲುತ್ತೆ. ನಿಲ್ಲದಿದ್ದರೆ ಡಾಕ್ಟರು. ವಾಸಿಯಾಗೋ ತನಕ ಬಿಡುವು ಕೊಡಿ.

ಈಗ ಗೋಡೆ ಬರಹದ ವಿಷಯ. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ, ರೈಲ್ವೆ ಗೇಟಿನ ಪಕ್ಕ, ನಿಂತ ಕಡೆಯೆಲ್ಲಾ ಅದೇ. ನಮ್ಮನ್ನ ಹಿಡಿಯೋದಕ್ಕೆ ಅವರ ಹತ್ರ ಇರೋ ಬಲೆ ಒಂದೇ, ಹೆದರಿಕೆ. "ನಲವತ್ತು ಹನಿ ರಕ್ತ ಸೇರಿ ಒಂದು ಹನಿ ಧಾತು" ಅಂತ ಹೇಳಿ ಹುಡುಗರ ನಿದ್ದೆ ಕೆಡಿಸ್ತಾರೆ. ವೀರ್ಯ ರಕ್ತದಿಂದ ಸೋಸಿ ಬರೋದಲ್ಲ. ಅದರ ಬಹುಪಾಲು ಒಳಗಿನ ಗ್ರಂಥಿಗಳ ನೀರು, ವೃಷಣ ಪ್ರತಿದಿನ ಹೊಸದಾಗಿ ವೀರ್ಯಾಣು ತಯಾರು ಮಾಡ್ತಾನೇ ಇರುತ್ತೆ. ನಿದ್ದೆಯಲ್ಲಿ ಹೋದರೆ, ಕೈಯಿಂದ ಹೋದರೆ ಶಕ್ತಿ ಹೋಗಲ್ಲ, ನರ ಸಾಯಲ್ಲ. ಆ ಹೆದರಿಕೆಯಿಂದಲೇ ಸುಸ್ತು, ಎದೆ ಬಡಿತ, ನಿದ್ದೆ ಇಲ್ಲದಿರೋದು ಬರುತ್ತೆ. 1960ರಲ್ಲಿ ಎನ್.ಎನ್. ವಿಗ್ ಅನ್ನೋ ಮನೋವೈದ್ಯರು ಇದಕ್ಕೆ "ಧಾತ್ ಸಿಂಡ್ರೋಮ್" ಅಂತಲೇ ಹೆಸರಿಟ್ಟರು. ಬೇಕಾಗಿರೋದು ಲೇಹ್ಯ ಅಲ್ಲ, ಯಾರಾದರೂ ಕೂತು ಮಾತಾಡಿಸೋದು. ಅದಕ್ಕೆ ಟೆಲಿಮಾನಸ್ ಅಂತ ಸರ್ಕಾರದ ಉಚಿತ ಫೋನ್ ಇದೆ, 14416. ನಮ್ಮ ಭಾಷೇಲೇ ಮಾತಾಡಬಹುದು.

ಇಂಥಾ ಜಾಹೀರಾತು ಕಾನೂನಿಗೇ ವಿರುದ್ಧ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಲೈಂಗಿಕ ಶಕ್ತಿ ಹೆಚ್ಚಿಸ್ತೀವಿ ಅಂತ ಔಷಧಿಗೆ ಜಾಹೀರಾತು ಕೊಡೋದನ್ನ 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಎಪ್ಪತ್ತು ವರ್ಷದ ಹಳೇ ಕಾನೂನು, ಗೋಡೆ ಮೇಲಿನ ಬರಹ ಮಾತ್ರ ಹೊಸ ಬಣ್ಣದ್ದು.

ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ನೀಲಿ ಮಾತ್ರೆ ಬಗ್ಗೆಯೂ ಒಂದು ಮಾತು. ಸಿಲ್ಡೆನಾಫಿಲ್ ಒಳ್ಳೆಯ ಔಷಧಿಯೇ, ಡಾಕ್ಟರು ಬರೆದುಕೊಟ್ಟರೆ. ಆದರೆ ಎದೆನೋವಿಗೆ ನಾಲಿಗೆ ಕೆಳಗಿಡೋ ಸಾರ್ಬಿಟ್ರೇಟ್ ತಗೊಳ್ಳೋರು ಇದನ್ನ ನುಂಗಿದರೆ ಬಿಪಿ ಒಮ್ಮೆಗೇ ಬಿದ್ದು ಪ್ರಾಣಕ್ಕೇ ಕುತ್ತು. "ಗಿಡಮೂಲಿಕೆ" ಅಂತ ಮಾರೋ ಕೆಲವು ಪುಡಿಗಳಲ್ಲೂ ಇದೇ ಔಷಧಿಯನ್ನ ಗುಟ್ಟಾಗಿ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಇನ್ನು ನಲವತ್ತು ದಾಟಿದ ಅಣ್ಣಂದಿರೇ, ನಿಮಿರೋದು ಕಡಿಮೆಯಾಯಿತು ಅಂದರೆ ಮೊದಲು ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ. ಆ ಸಣ್ಣ ರಕ್ತನಾಳ ಕಟ್ಟಿಕೊಳ್ಳೋದು ಎಷ್ಟೋ ಸಲ ಹೃದಯದ ತೊಂದರೆಗೆ ಮುಂಚಿನ ಸೂಚನೆ. ಬೀಡಿ ಸಿಗರೇಟು ಆ ನಾಳವನ್ನ ಇನ್ನೂ ಕೆಡಿಸುತ್ತೆ. ಮೂತ್ರದ ಜಾಗದಲ್ಲಿ ಕೀವು, ಹುಣ್ಣು, ಉರಿ ಇದ್ದರೆ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ "ಸುರಕ್ಷಾ ಕ್ಲಿನಿಕ್" ಇರುತ್ತೆ, ಪರೀಕ್ಷೆ ಔಷಧಿ ಉಚಿತ. ಗಂಡ ಹೆಂಡತಿ ಇಬ್ಬರೂ ತೋರಿಸಿಕೊಳ್ಳಬೇಕು. ಎಚ್‌ಐವಿ ಬಗ್ಗೆ ಅನುಮಾನ ಇದ್ದರೆ 1097, ಇದೂ ಉಚಿತ. ನಿರೋಧ್ ಜೊತೆ ಕೊಬ್ಬರಿ ಎಣ್ಣೆ ಹಚ್ಚಬೇಡಿ, ರಬ್ಬರು ಹರಿಯುತ್ತೆ.

ಇಷ್ಟೆಲ್ಲಾ ಹೇಳಿ ಹೆಂಗಸರ ಮಾತು ಬಿಟ್ಟರೆ ನನ್ನ ಮಾತು ಅರ್ಧ. ಆ ಹೊತ್ತಿನಲ್ಲಿ ಪೆಟ್ಟಾಗೋದು ಗಂಡಸಿಗೆ ಮಾತ್ರ ಅಲ್ಲ. ನಮ್ಮ ಅವಸರಕ್ಕೆ, ನಮ್ಮ ಕುಡಿತಕ್ಕೆ, ಫೋನಿನಲ್ಲಿ ನೋಡಿದ್ದನ್ನ ಮನೇಲಿ ಮಾಡೋ ಹುಚ್ಚಿಗೆ ಎಷ್ಟು ಹೆಣ್ಣುಮಕ್ಕಳು ಗಾಯ ಮಾಡಿಕೊಂಡು ಬಾಯಿ ಮುಚ್ಚಿಕೊಂಡಿದ್ದಾರೋ. "ನೋವಾಗ್ತೈತೆ" ಅಂದರೆ ನಿಲ್ಲಿಸಬೇಕು. "ಬ್ಯಾಡ" ಅಂದರೆ ಬೇಡ ಅಂತಲೇ ಅರ್ಥ. ಕಾಲಕಾಲದಿಂದ ನಮ್ಮ ತಾಯಂದಿರ ಮೈ ಮೇಲೆ ಊರಿನ ದೊಡ್ಡವರು ಹಕ್ಕು ಚಲಾಯಿಸಿದ್ದು ನಮಗೆ ಗೊತ್ತು. ಅದೇ ಹಕ್ಕನ್ನ ನಾವು ನಮ್ಮ ಮನೆಯೊಳಗೆ ಚಲಾಯಿಸೋದಾದರೆ ನೀಲಿ ಬಾವುಟ ಕಟ್ಟಿ ಏನು ಪ್ರಯೋಜನ? ನಿಧಾನವಾಗಿ, ಕೇಳಿಕೊಂಡು, ಎಚ್ಚರದಲ್ಲಿ ಇದ್ದರೆ ಇಬ್ಬರಿಗೂ ಪೆಟ್ಟಾಗೋದು ಕಡಿಮೆ. ನಮ್ಮತ್ತಿಗೆ ಆ ರಾತ್ರಿ ಹೇಳಿದ ಮಾತು ನಮ್ಮಣ್ಣ ಕೇಳಿದ್ದರೆ ಅವನಿಗೆ ನಾಲ್ಕು ದಿನ ಉಳೀತಿತ್ತು ಅನ್ನೋದನ್ನೂ ಮರೀಬೇಡಿ.

ನಮ್ಮ ಜನಕ್ಕೆ ಆಸ್ಪತ್ರೆ ಅಂದರೆ ಎರಡು ಭಯ. ಒಂದು ದುಡ್ಡಿನದು, ಇನ್ನೊಂದು ಮಾನದ್ದು. ಮುಟ್ಟಿಸಿಕೊಳ್ಳದೇ ಬದುಕಿದ ಅಜ್ಜ ತಾತಂದಿರ ಮೊಮ್ಮಕ್ಕಳು ನಾವು. ನಮ್ಮನ್ನ ನೋಡಿ ಯಾರಾದರೂ ನಕ್ಕರೆ ಆ ನಗು ನಮಗೆ ಬೇರೆಯವರಿಗಿಂತ ಆಳಕ್ಕೆ ಇಳಿಯುತ್ತೆ. ಆದರೆ ಒಂದು ತಿಳ್ಕೊಳ್ಳಿ, ರೋಗಿಯ ಗುಟ್ಟು ಕಾಯೋದು ಡಾಕ್ಟರ ಕರ್ತವ್ಯ. ಒಬ್ಬನೇ ಒಳಗೆ ಮಾತಾಡಬೇಕು ಅಂತ ಕೇಳೋದು ನಮ್ಮ ಹಕ್ಕು. ನಕ್ಕವರ ಮುಂದೆ ತಲೆ ತಗ್ಗಿಸಿ ಮನೆಗೆ ಬರಬೇಡಿ, ಒಳಗೆ ಹೋಗಿ.

ಅದಕ್ಕೆ ಸಂಘದ ಮುಂದೆ ಎರಡು ಬೇಡಿಕೆ ಇಡ್ತೀನಿ. ಒಂದು, ವರ್ಷಕ್ಕೊಮ್ಮೆಯಾದರೂ ಗಂಡಸು ಡಾಕ್ಟರೊಬ್ಬರನ್ನ ಕರೆಸಿ ಹುಡುಗರಿಗೆ ಮಾತಾಡಿಸೋಣ, ಪ್ರಶ್ನೆಗಳನ್ನ ಹೆಸರಿಲ್ಲದ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಲಿ. ಎರಡು, ರಾತ್ರಿ ಹೊತ್ತು ಕರೆದರೆ ಏನೂ ಕೇಳದೆ ಬೈಕ್ ತೆಗೆಯೋ ಇಬ್ಬರು ಹುಡುಗರ ಹೆಸರು ಸಂಘದ ಬೋರ್ಡಿನ ಮೇಲೆ ಬರೆಯೋಣ. ಮೊದಲನೇ ಹೆಸರು ನನ್ನದೇ ಬರೆಯಿರಿ.

ಕೊನೆಗೆ, ಆ ಕಿಟಕಿ ಮುಂದೆ ಹೇಳಬೇಕಾದ ಮಾತನ್ನ ಎಲ್ಲರೂ ಬಾಯಿಪಾಠ ಮಾಡಿಕೊಂಡು ಮನೆಗೆ ಹೋಗೋಣ. ಕನ್ನಡದಲ್ಲಿ: "ಮೂತ್ರ ಹೋಗೋ ಜಾಗಕ್ಕೆ ಪೆಟ್ಟಾಗಿದೆ, ಅರ್ಜೆಂಟು, ಡಾಕ್ಟರ ಹತ್ರ ಒಬ್ಬನೇ ಮಾತಾಡಬೇಕು." ತೆಲುಗಿನಲ್ಲಿ: "ಮೂತ್ರಂ ವಚ್ಚೇ ಚೋಟ ದೆಬ್ಬ ತಗಿಲಿಂದಿ, ಅರ್ಜೆಂಟು, ಡಾಕ್ಟರ್‌ತೋ ಒಂಟರಿಗಾ ಮಾಟ್ಲಾಡಾಲಿ." ಇಷ್ಟೇ. ಇದರಲ್ಲಿ ಬೈಗುಳ ಇಲ್ಲ, ಅಶ್ಲೀಲ ಇಲ್ಲ, ಸುಳ್ಳೂ ಇಲ್ಲ. ಆವತ್ತು ನನಗೆ ಈ ಒಂದು ಮಾತು ಬಂದಿದ್ದರೆ ನಮ್ಮಣ್ಣ ಎರಡು ಗಂಟೆ ಹೊಟ್ಟೆ ನೋವಿನ ಸಾಲಲ್ಲಿ ನಿಲ್ಲುತ್ತಿರಲಿಲ್ಲ.